ಮೂರು ಲೀಟರ್ ನೀರು, 300 ವ್ಯಾಟ್: ಪುಟ್ಟ ಫಿಲ್ಮ್ ಪ್ರೊಸೆಸರ್ ಜೊತೆ ಮೂರು ಮಳೆಗಾಲ

ಕ್ಯಾಮೆರಾ ಫಿಲ್ಮ್ ತೊಳೆಯುವ ಈ ಯಂತ್ರ ನನ್ನ ಕೈಗೆ ಬಂದಿದ್ದು 2023ರ ಜನವರಿಯಲ್ಲಿ. ಆಗ ಕಾರವಾರದಲ್ಲಿ ಬಾಡಿಗೆ ಮನೆ. 2024ರ ದೀಪಾವಳಿ ಹೊತ್ತಿಗೆ ಕೆಲಸ ಬಿಟ್ಟು ಶಿರಸಿ ಹತ್ತಿರದ ನಮ್ಮನೆಗೆ ಬಂದೆ, ಯಂತ್ರವೂ ನನ್ನ ಜೊತೆ ಘಟ್ಟ ಹತ್ತಿತು. ಬರೆದಿಟ್ಟ ಲೆಕ್ಕದ ಪ್ರಕಾರ ಇಲ್ಲಿವರೆಗೆ 143 ರೋಲು ತೊಳೆದಿದ್ದೇನೆ. 96 ಕಲರ್, ಉಳಿದದ್ದು ಬ್ಲ್ಯಾಕ್ ಅಂಡ್ ವೈಟ್. ಕೊಂಡ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಆರು ತಿಂಗಳಿಗೆ ಕೇಳಿದ್ದರೆ ಎರಡು. ಈಗ ಮೂರೂವರೆ, ಅದರಲ್ಲಿ ಅರ್ಧ ಸ್ಟಾರು ನಮ್ಮ ಆಯಿಗೆ ಸೇರಬೇಕು.

ಕಂಪನಿ ಹೆಸರು ಹಾಕುತ್ತಿಲ್ಲ. ಈ ಅಳತೆಯ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದರೆ ಒಳಗೆ ಹೆಚ್ಚುಕಡಿಮೆ ಒಂದೇ ಥರ. ನನ್ನದು ಹಾರ್ಮೋನಿಯಂ ಪೆಟ್ಟಿಗೆಗಿಂತ ಸ್ವಲ್ಪ ಚಿಕ್ಕದು. ಮೂರು ಲೀಟರ್ ನೀರು ಹಿಡಿಯುವ ತೊಟ್ಟಿ, ತಳದಲ್ಲಿ 300 ವ್ಯಾಟ್ ಹೀಟರ್, ನೀರು ಆಡಿಸಲು ಬೆರಳುದ್ದದ ಪಂಪ್. ಒಂದು ಬದಿಗೆ ಅರ್ಧ ಲೀಟರಿನ ಮೂರು ಬಾಟಲಿ ನಿಲ್ಲುತ್ತವೆ. ಇನ್ನೊಂದು ಬದಿಗೆ ಫಿಲ್ಮ್ ಟ್ಯಾಂಕ್ ಅಡ್ಡ ಮಲಗಿ, ನೀರಿನಲ್ಲಿ ಅರ್ಧ ಮುಳುಗಿ, ಸುತ್ತುತ್ತಿರುತ್ತದೆ. ಹೀಗೆ ಸುತ್ತುವುದರಿಂದ ಎರಡು ರೋಲಿಗೆ 300 ಎಂಎಲ್ ಡೆವಲಪರ್, ಅಂದರೆ ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣ, ಸಾಕು. ಕೈಯಲ್ಲಿ ಹಿಡಿದು ಬೋರಲು ಮಾಡುವ ಟ್ಯಾಂಕಿಗೆ ಇದರ ಎರಡರಷ್ಟು ಬೇಕು.

ಬಿಸಿ ಯಾಕೆ ಅಂದರೆ, ಕಲರ್ ನೆಗೆಟಿವ್‌ಗೆ ಇರುವುದು ಸಿ-41, ಕೊಡಕ್ 1972ರಲ್ಲಿ ತಂದ ಪದ್ಧತಿ. ಡೆವಲಪರ್ 37.8 ಡಿಗ್ರಿ ಇರಬೇಕು, ಫಿಲ್ಮ್ ಅದರಲ್ಲಿ 3 ನಿಮಿಷ 15 ಸೆಕೆಂಡ್ ಇರಬೇಕು. ಪುಸ್ತಕದ ಪ್ರಕಾರ ಆಚೀಚೆ 0.15 ಡಿಗ್ರಿ ಅಷ್ಟೇ ಬಿಡುವು. ಮನೆಯಲ್ಲಿ ಅಷ್ಟು ಮಡಿ ಸಾಧ್ಯವಿಲ್ಲ, ನಾನು ಅರ್ಧ ಡಿಗ್ರಿವರೆಗೆ ಸುಮ್ನಿರುತ್ತೇನೆ. ಎರಡು ಡಿಗ್ರಿ ಕಡಿಮೆಯಾದರೆ ಮಾತ್ರ ನೆಗೆಟಿವ್ ತೆಳ್ಳಗೆ ಬರುತ್ತದೆ, ಮೋಡ ಒಂದು ಬಣ್ಣಕ್ಕೆ ತಿರುಗಿದರೆ ನೆರಳು ಇನ್ನೊಂದಕ್ಕೆ. ಸ್ಕ್ಯಾನ್ ಮಾಡುವಾಗ ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ. ಆಮೇಲೆ ಹಾಕುವ, ಫಿಲ್ಮಿನ ಬೆಳ್ಳಿ ತೆಗೆದು ಚಿತ್ರವನ್ನು ಗಟ್ಟಿ ಮಾಡುವ ಬ್ಲಿಕ್ಸ್‌ಗೆ ಈ ಹಠ ಇಲ್ಲ, ಎರಡು-ಮೂರು ಡಿಗ್ರಿ ಹೆಚ್ಚುಕಡಿಮೆಯಾದರೂ ನಡೆಯುತ್ತದೆ.

ಕಾರವಾರದಲ್ಲಿ ಈ ಯಂತ್ರಕ್ಕೆ ಕೆಲಸವೇ ಇರಲಿಲ್ಲ ಅನ್ನಬೇಕು. ಅಲ್ಲಿ ನಲ್ಲಿ ನೀರೇ 28 ಡಿಗ್ರಿ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು 4.2 ಕಿಲೋಜೂಲ್ ಬೇಕು. ತೊಟ್ಟಿ, ಬಾಟಲಿ ಸೇರಿ ನಾಲ್ಕೂವರೆ ಲೀಟರ್, ಹತ್ತು ಡಿಗ್ರಿ ಏರಬೇಕು. 300 ವ್ಯಾಟಿಗೆ ಲೆಕ್ಕದಲ್ಲಿ ಹತ್ತೂವರೆ ನಿಮಿಷ, ನನ್ನ ಗಡಿಯಾರದಲ್ಲಿ ಹದಿಮೂರು. ಕೊಳ್ಳುವಾಗ 300 ವ್ಯಾಟ್ ಅಂತ ನೋಡಿ ನಕ್ಕಿದ್ದೆ, ಬಕೆಟ್ಟಿಗೆ ಹಾಕುವ ಕಾಯಿಲ್ ಕೂಡ ಸಾವಿರ, ಒಂದೂವರೆ ಸಾವಿರ ವ್ಯಾಟ್ ಇರುತ್ತದೆ ಅಲ್ವಾ. ಆದರೆ ದೊಡ್ಡ ಹೀಟರ್ ಆಫ್ ಆದ ಮೇಲೂ ಅದರ ಮೈಯ ಬಿಸಿ ನೀರಿಗೆ ಇಳಿಯುತ್ತಲೇ ಇರುತ್ತದೆ. 38ಕ್ಕೆ ನಿಲ್ಲಬೇಕಾದ್ದು 40ಕ್ಕೆ ಹೋಗಿ ನಿಲ್ಲುತ್ತದೆ. ಚಿಕ್ಕ ಹೀಟರ್ ನಿಧಾನ, ಆದರೆ ಹೇಳಿದಲ್ಲಿ ನಿಲ್ಲುತ್ತದೆ. ವ್ಯಾಟ್ ಏರಿಸುವ ಬದಲು ನೀರು ಕಡಿಮೆ ಮಾಡಿದ್ದಾರಲ್ಲ, ಇದು ಈ ಯಂತ್ರ ಮಾಡಿದವರ ಜಾಣತನ. ಇದಕ್ಕೆ ಪೂರ್ತಿ ಅಂಕ.

ಕಾಳಿ ನದಿಯ ಹಳೆ ಸೇತುವೆಯ ಒಂದು ರೋಲು ಆ ದಿನಗಳದ್ದು. 2024ರ ಬೇಸಿಗೆಯಲ್ಲಿ ಸದಾಶಿವಗಡದ ಕಡೆಯಿಂದ ಸಂಜೆ ತೆಗೆದದ್ದು. ಆಗಸ್ಟ್‌ನಲ್ಲಿ ಸೇತುವೆ ಕುಸಿದು ನದಿಗೆ ಬಿತ್ತು. ಆ ರೋಲನ್ನು ಹುಬ್ಬಳ್ಳಿಯ ಲ್ಯಾಬಿಗೆ ಕಳಿಸದೆ ಇದರಲ್ಲೇ ತೊಳೆದಿದ್ದೆ. ಕಂಬಗಳ ಮೇಲಿನ ಬಿಸಿಲು ಬಿಸಿಲಿನ ಬಣ್ಣದಲ್ಲೇ ಬಂದಿದೆ, ನೀರಿನ ಹಸಿರು ಹಸಿರಾಗೇ ಇದೆ.

ಮೊದಲ ಜಗಳ ಆಗಿದ್ದು ಸೆನ್ಸರ್ ಜೊತೆ. ಡಿಸ್‌ಪ್ಲೇಯಲ್ಲಿ 38.0 ಅಂತ ಕೆಂಪಗೆ ಉರಿಯುತ್ತಿದೆ, ನೆಗೆಟಿವ್ ಮಾತ್ರ ತೆಳ್ಳಗೆ. ಮೂರು ರೋಲು ಹಾಳಾದ ಮೇಲೆ ಜ್ವರ ನೋಡುವ ಥರ್ಮೋಮೀಟರನ್ನು ಡೆವಲಪರ್ ಬಾಟಲಿಯೊಳಗೇ ಇಳಿಬಿಟ್ಟೆ. 36.4! ಸೆನ್ಸರ್ ಇಟ್ಟಿದ್ದು ಹೀಟರಿನಿಂದ ಎರಡು ಬೆರಳು ದೂರದಲ್ಲಿ. ಅದಕ್ಕೆ ಗೊತ್ತಾಗುವುದು ಹೀಟರ್ ಪಕ್ಕದ ನೀರಿನ ಬಿಸಿ, ಮೂಲೆಯ ಬಾಟಲಿಯ ಒಳಗಿನದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದೂ ಅಲ್ಲದೆ ಪಂಪಿನ ಜಾಲರಿಗೆ ಬಾವಿ ನೀರಿನ ಕೆಂಪು ಮಡ್ಡಿ ಕಟ್ಟಿ ನೀರು ಸರಿಯಾಗಿ ಆಡುತ್ತಿರಲಿಲ್ಲ. ಚಿರೆಕಲ್ಲಿನ ನೆಲದ ಬಾವಿ, ಇನ್ನೇನು ಬಂದೀತು. ಈಗ ಹತ್ತು ರೋಲಿಗೊಮ್ಮೆ ಜಾಲರಿಯನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುತ್ತೇನೆ. ಸೆನ್ಸರ್ ವೈರು ಉದ್ದ ಮಾಡಿ ಬಾಟಲಿಗಳ ನಡುವೆ ತಂದಿದ್ದೇನೆ. ಆದರೂ ಕೊನೆಯ ನಂಬಿಕೆ ಬಾಟಲಿಯೊಳಗಿನ ಥರ್ಮೋಮೀಟರ್ ಮೇಲೆಯೇ.

ಘಟ್ಟದ ಮೇಲೆ ಬಂದ ಮೇಲೆ ನಿಜವಾದ ಪರೀಕ್ಷೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಬಚ್ಚಲ ನೀರು 19 ಡಿಗ್ರಿ. ಅಂದರೆ ಕಾರವಾರದ ಎರಡರಷ್ಟು ದಾರಿ. ಲೆಕ್ಕದಲ್ಲಿ ಇಪ್ಪತ್ತು ನಿಮಿಷ ಆಗಬೇಕಾದ್ದು ಮೊದಲ ದಿನ 36 ನಿಮಿಷ ಹಿಡಿಯಿತು. ಹದಿನಾರು ನಿಮಿಷದ ಬಿಸಿ ಎಲ್ಲಿ ಹೋಯ್ತು? ನಾನು ಕರೆಂಟ್ ವೋಲ್ಟೇಜ್ ಕಡಿಮೆ ಇರಬೇಕು ಅಂತ ಮೀಟರ್ ಹಿಡಿದು ಓಡಾಡುತ್ತಿದ್ದೆ. ಆಯಿ ಬಚ್ಚಲಿಗೆ ಬಂದವಳು ಒಂದು ನಿಮಿಷ ನಿಂತು ನೋಡಿ, "ತಮಾ, ಮುಚ್ಚಲು ಹಾಕ್ದೇ ನೀರು ಕಾಸ್ತ್ಯ?" ಅಂದಳು.

ತೊಟ್ಟಿಯ ಮೇಲಿಂದ ಸಣ್ಣಗೆ ಆವಿ ಏಳುತ್ತಿತ್ತು. ಬಿಸಿಯೆಲ್ಲ ಅದರ ಜೊತೆಗೇ ಮಾಡಿಗೆ ಹೋಗುತ್ತಿತ್ತು. ಕಂಪನಿ ಇದಕ್ಕೆ ಮುಚ್ಚಳವನ್ನೇ ಕೊಟ್ಟಿಲ್ಲ. ಕಾರವಾರದ ಸೆಕೆಯಲ್ಲಿ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಅಲ್ಲಿಂದ ಬರುವಾಗ ಪುಸ್ತಕ ತುಂಬಲು ಮೀನು ಪೇಟೆಯಿಂದ ಎರಡು ಥರ್ಮಾಕೋಲ್ ಪೆಟ್ಟಿಗೆ ತಂದಿದ್ದೆ. ಒಂದನ್ನು ಕತ್ತರಿಸಿ ತೊಟ್ಟಿಯ ನಾಲ್ಕೂ ಬದಿಗೆ ಹೊದಿಸಿದೆ, ಉಳಿದದ್ದರಲ್ಲಿ ಮುಚ್ಚಳ ಮಾಡಿದೆ. ಸಮಯ 36ರಿಂದ 26 ನಿಮಿಷಕ್ಕೆ ಇಳಿಯಿತು. ಆದರೆ ಬಿಸಿಯಾಗುತ್ತಿದ್ದ ಹಾಗೆ ಪೆಟ್ಟಿಗೆಯ ಹಳೆ ನೆನಪೆಲ್ಲ ಎದ್ದು ಬಂತು. ಭಟ್ಟರ ಮನೆ ಬಚ್ಚಲಲ್ಲಿ ಬಂಗಡೆ ವಾಸನೆ! ಸಂಜೆಯೊಳಗೆ ಥರ್ಮಾಕೋಲ್ ಅಂಗಳ ದಾಟಿತ್ತು. ಈಗಿನ ಮುಚ್ಚಳ ಅಡಿಕೆ ಹಾಳೆಯದ್ದು. ಒದ್ದೆ ಹಾಳೆಯನ್ನು ತೊಟ್ಟಿಯ ಅಳತೆಗೆ ಕತ್ತರಿಸಿ, ಮೇಲೆ ಕಲ್ಲು ಹೇರಿ ಒಣಗಿಸಿ, ಬಾಟಲಿ ಕುತ್ತಿಗೆಗೆ ಮೂರು ತೂತು, ಟ್ಯಾಂಕಿಗೆ ಒಂದು ಕಂಡಿ. ಬದಿಗೆ ಹಳೆ ಕಂಬಳಿ ತುಂಡು. 27 ನಿಮಿಷ. ಥರ್ಮಾಕೋಲಿಗಿಂತ ಒಂದೇ ನಿಮಿಷ ಜಾಸ್ತಿ. ಮಳೆಗಾಲದಲ್ಲಿ ಹಾಳೆ ಬೂಸ್ಟು ಹಿಡಿಯುತ್ತದೆ, ಎರಡು ತಿಂಗಳಿಗೊಮ್ಮೆ ಬದಲು ಮಾಡಬೇಕು. ತೋಟದಲ್ಲಿ ಹಾಳೆಗೇನು ಬರವೇ.

ಬಿಸಿಯ ಇನ್ನೊಂದು ಸೋರಿಕೆ ಟ್ಯಾಂಕಿನದ್ದು. ಡೆವಲಪರ್ ಸರಿಯಾಗಿ 38 ಇದ್ದರೂ, 19 ಡಿಗ್ರಿಯ ತಣ್ಣನೆ ಟ್ಯಾಂಕು, ರೀಲಿನ ಮೇಲೆ ಸುರಿದ ತಕ್ಷಣ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಮೂರೂಕಾಲು ನಿಮಿಷದ ಕೆಲಸದಲ್ಲಿ ಅದನ್ನು ಮತ್ತೆ ಏರಿಸಲು ಯಾವ ಹೀಟರಿಗೂ ಪುರಸೊತ್ತಿಲ್ಲ. ಟ್ಯಾಂಕನ್ನು ಐದು ನಿಮಿಷ ಮೊದಲೇ ತೊಟ್ಟಿಯಲ್ಲಿ ಸುತ್ತಲು ಬಿಡಿ, ಆಮೇಲೆ 38 ಡಿಗ್ರಿ ನೀರು ಒಂದು ನಿಮಿಷ ತುಂಬಿಸಿ ಚೆಲ್ಲಿ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಕರೆಂಟ್ ಬಿಲ್ಲಿನ ವಿಷಯಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಡಿ. ಪ್ಲಗ್ ಮೀಟರ್ ಹಾಕಿ ನೋಡಿದ್ದೇನೆ, ಚಳಿಗಾಲದಲ್ಲೂ ಒಂದು ಸಲಕ್ಕೆ ಕಾಲು ಯೂನಿಟ್ ಆಗುವುದಿಲ್ಲ. ಲಾಭ ಇರುವುದು ಇನ್ವರ್ಟರಿನಲ್ಲಿ. ಜುಲೈನಲ್ಲಿ ಮರ ಬಿದ್ದು ಲೈನ್ ಹರಿದರೆ ನಮ್ಮ ಕಡೆ ಎರಡು ದಿನ ಕತ್ತಲೆ ಮಾಮೂಲು. ಟ್ಯಾಂಕಿನಲ್ಲಿ ಫಿಲ್ಮ್ ಇದ್ದಾಗಲೇ ಕರೆಂಟ್ ಹೋಗಿದ್ದು ನನಗೆ ನಾಲ್ಕು ಸಲ. ಮನೆಯ ಸಾಮಾನ್ಯ ಇನ್ವರ್ಟರು 300 ವ್ಯಾಟನ್ನು ತಿಣುಕದೆ ಎಳೆಯುತ್ತದೆ. ಕಾಯಿಲ್ ಹಾಕಿದ್ದರೆ ಕೀಂಯ್ ಅಂದು ಮಲಗುತ್ತಿತ್ತು.

ಇರುವೆ ಕತೆ ಹೇಳದಿದ್ದರೆ ಆಗುವುದಿಲ್ಲ. 2025ರ ಜನವರಿ, ಅಂಗಳದಲ್ಲಿ ಅಡಿಕೆ ಹರಗಿತ್ತು, ಅಕಾಲದಲ್ಲಿ ಮೋಡ ಕಟ್ಟಿತು. ಯಂತ್ರ ಆನ್ ಮಾಡಿ ಎಲ್ಲರ ಜೊತೆ ಅಡಿಕೆ ಎಳೆಯಲು ಓಡಿದೆ. ಮುಕ್ಕಾಲು ತಾಸಿನ ಮೇಲೆ ಬಂದು ನೋಡಿದರೆ 52 ಡಿಗ್ರಿ, ಇನ್ನೂ ಏರುತ್ತಿದೆ. ಬಿಚ್ಚಿದರೆ ಹೀಟರ್ ಆನ್-ಆಫ್ ಮಾಡುವ ರಿಲೇ ಡಬ್ಬಿಯೊಳಗೆ ಸಣ್ಣ ಕೆಂಪಿರುವೆಯ ಗೂಡು. ಬೆಚ್ಚಗೆ ಇರುತ್ತದಲ್ಲ, ಅವಕ್ಕೂ ಅದೇ ಬೇಕು. ಸಂಪರ್ಕ ಅಂಟಿಕೊಂಡು ಹೀಟರ್ ಆಫೇ ಆಗಿರಲಿಲ್ಲ. ನೀರು ಖಾಲಿಯಾದರೆ ನಿಲ್ಲುವ ಕಟ್-ಆಫ್ ಇದೆ, ಬಿಸಿ ಮೀರಿದರೆ ನಿಲ್ಲುವುದು ಇಲ್ಲ. ಅರ್ಧ ಲೀಟರ್ ಡೆವಲಪರ್ ಚೆಲ್ಲಿದೆ. ಕಂಪನಿಗೆ ಮೂರು ಸಲ ಬರೆದೆ, ಉತ್ತರವಾಗಿ ಬಂದಿದ್ದು ಹೊಸ ಮಾಡೆಲ್ಲಿನ ಜಾಹೀರಾತು. ಪೇಟೆಯಲ್ಲಿ ಟಿವಿ ರಿಪೇರಿ ಮಾಡುವವರೊಬ್ಬರು ಅರ್ಧ ದಿನದಲ್ಲಿ ಬೇರೆ ಕಂಟ್ರೋಲರ್ ಕೂರಿಸಿ, ಡಬ್ಬಿಯ ಸಂದಿಗೆಲ್ಲ ಸಿಲಿಕೋನ್ ತುಂಬಿ ಕೊಟ್ಟರು. ಅವರೇ ಇನ್ನೊಂದು ಕೇಳಿದರು, ಬಚ್ಚಲ ಪ್ಲಗ್ಗಿಗೆ ಅರ್ತ್ ಇದೆಯೋ ಅಂತ. ಇರಲಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಎರಡು ತಿಂಗಳು ಕೆಲಸ ಮಾಡಿದ್ದೆ. ನೀವು ಯಂತ್ರಕ್ಕಿಂತ ಮೊದಲು ಅರ್ತಿಂಗ್ ಮಾಡಿಸಿ, ಲೀಕೇಜ್ ಆದರೆ ಬೀಳುವ ಬ್ರೇಕರ್ ಹಾಕಿಸಿ.

ಬ್ಲ್ಯಾಕ್ ಅಂಡ್ ವೈಟ್ ಮಾಡುವವರಿಗೆ ಒಂದು ಮಾತು. ಅದಕ್ಕೆ ಬೇಕಾದ್ದು 20 ಡಿಗ್ರಿ, ಈ ಯಂತ್ರಕ್ಕೆ ತಣ್ಣಗೆ ಮಾಡಲು ಬರುವುದಿಲ್ಲ. ಕಾರವಾರದಲ್ಲಿ ಏಪ್ರಿಲ್ ಬಂದರೆ ನಾನು ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ತೊಟ್ಟಿಗೆ ಹಾಕಿ, ಹೀಟರ್ ಆಫ್ ಮಾಡಿ, ಪಂಪ್ ಮಾತ್ರ ಓಡಿಸುತ್ತಿದ್ದೆ. ಶಿರಸಿಯ ಡಿಸೆಂಬರಿನಲ್ಲಿ ಯಾವುದೂ ಬೇಡ, ನಲ್ಲಿ ತಿರುಗಿಸಿದರೆ ಆಯ್ತು.

ಅರ್ಧ ಸ್ಟಾರಿನ ಬಾಕಿ ಇದೆಯಲ್ಲ. ಹಾಳೆ ಮುಚ್ಚಳದ 27 ನಿಮಿಷವನ್ನು ನಾನು ದೊಡ್ಡ ಸಾಧನೆ ಅಂತ ಹೇಳಿಕೊಂಡು ತಿರುಗುತ್ತಿದ್ದಾಗ ಆಯಿ ಒಲೆಗೆ ಅಡಿಕೆ ಸಿಪ್ಪೆ ತುಂಬುತ್ತ, "ಹಂಡೇಲಿ ಅಷ್ಟು ಬಿಸಿನೀರು ಇದ್ದಲ, ಅದನ್ನೇ ಹಾಕ್ಯಂಬಲೆ ಆಗ್ತಿಲ್ಯ?" ಅಂತ ಕೇಳಿದಳು. ಯಂತ್ರದಿಂದ ನಾಲ್ಕು ಅಡಿ ದೂರದಲ್ಲಿ ತಾಮ್ರದ ಹಂಡೆ. ಇಷ್ಟು ದಿನ ಅದಕ್ಕೆ ಬೆನ್ನು ಹಾಕಿ ಕೂತು ವ್ಯಾಟ್ ಲೆಕ್ಕ ಹಾಕಿದ್ದೇನೆ! ಈಗ ಹಂಡೆ ನೀರಿಗೆ ತಣ್ಣೀರು ಬೆರೆಸಿ 45 ಡಿಗ್ರಿ ಮಾಡಿ ತೊಟ್ಟಿಗೆ ಹಾಕುತ್ತೇನೆ. ತಣ್ಣನೆ ಬಾಟಲಿಗಳು ಬಿಸಿ ಹೀರಿಕೊಂಡು ಹತ್ತು ನಿಮಿಷದಲ್ಲಿ ಎಲ್ಲ ಸೇರಿ 36ರ ಆಸುಪಾಸಿಗೆ ಬಂದು ನಿಲ್ಲುತ್ತವೆ. ಹೀಟರಿಗೆ ಉಳಿಯುವುದು ಕೊನೆಯ ಎರಡು ಡಿಗ್ರಿ ಮಾತ್ರ. ಹಂಡೆ ನೀರಿಗೆ ಬೂದಿ ಬೀಳದಂತೆ ಸೋಸಿಕೊಳ್ಳಬೇಕು, ಪಂಪಿನ ಜಾಲರಿ ಕಟ್ಟುತ್ತದೆ. ಬದಲಿಗೆ ನಾನು ರೋಲು ತೊಳೆಯುವ ದಿನ ಒಲೆಗೆ ಸಿಪ್ಪೆ ಹಾಕುವ ಕೆಲಸ ನನ್ನದೇ.