ಸಂತೂರಿನ ಚೀನೀ ತಂಗಿ, ಊರು ಎಬ್ಬಿಸುವ ವಾಲಗ: ‘ಅವರ್ ಶೈನಿಂಗ್ ಡೇಸ್’

ಮುಂಬಯಿಯ ಎಷ್ಟೋ ಕನ್ನಡದ ಮನೆಗಳಲ್ಲಿ ದೊಡ್ಡವನಿಗೆ ಲಂಡನ್ನಿನ ಟ್ರಿನಿಟಿಯ ಕೀಬೋರ್ಡ್ ಗ್ರೇಡು, ಚಿಕ್ಕವಳಿಗೆ ಗಾಂಧರ್ವ ಮಹಾವಿದ್ಯಾಲಯದ ‘ಮಧ್ಯಮಾ’ ಪರೀಕ್ಷೆ. ಕೀಬೋರ್ಡು ಹಾಲ್‌ನಲ್ಲಿ, ಬಂದವರಿಗೆ ಕಾಣುವ ಹಾಗೆ. ತಬಲಾ ಮಂಚದ ಕೆಳಗೆ. ಈ ಜಾಗದ ರಾಜಕೀಯವನ್ನು ಒಂದು ಸಂಗೀತ ಶಾಲೆಯ ಅಳತೆಗೆ ಹಿಗ್ಗಿಸಿದರೆ 2017ರಲ್ಲಿ ಬಂದ ಚೀನೀ ಚಿತ್ರ ‘ಅವರ್ ಶೈನಿಂಗ್ ಡೇಸ್’ ಸಿಗುತ್ತದೆ. ನಿರ್ದೇಶನ ವಾಂಗ್ ರಾನ್, ಚಿತ್ರಕಥೆ ಬಾವೊ ಜಿಂಗ್‌ಜಿಂಗ್. ಉದ್ದ ನೂರು ನಿಮಿಷದ ಆಸುಪಾಸು, ಮ್ಯಾಂಡರಿನ್ ಮಾತು.

ಕಥೆ ಸರಳ. ಚೆನ್ ಜಿಂಗ್ (ನಟಿ ಶು ಲು) ಯಾಂಗ್‌ಚಿನ್ ಎಂಬ ಚೀನೀ ತಂತಿವಾದ್ಯ ನುಡಿಸುವ ಹುಡುಗಿ. ಪಾಶ್ಚಾತ್ಯ ವಿಭಾಗದ ಪಿಯಾನೊ ಹುಡುಗನ ಮೇಲೆ ಕಣ್ಣು. ಅವನು ಅವಳನ್ನೂ ಅವಳ ವಾದ್ಯವನ್ನೂ ಒಂದೇ ಏಟಿಗೆ ಹಗುರ ಮಾಡುತ್ತಾನೆ. ಅವಳಿಗೆ ರೋಷ ಬಂದು, ನಗಾರಿ ಬಾರಿಸುವ ಗೆಳೆಯ ಯೂಝಾನನ್ನು (ಪೆಂಗ್ ಯುಚಾಂಗ್) ಕಟ್ಟಿಕೊಂಡು ದೇಶಿ ವಾದ್ಯಗಳ ಬ್ಯಾಂಡ್ ಮಾಡಲು ಹೊರಡುತ್ತಾಳೆ. ಸೇರುವವರು ಹಾಸ್ಟೆಲ್ ಕೋಣೆಯಲ್ಲಿ ಅನಿಮೆ (ಜಪಾನಿ ಅನಿಮೇಷನ್), ಕಾಸ್‌ಪ್ಲೇ (ಅಂಥ ಪಾತ್ರಗಳ ವೇಷ ತೊಡುವುದು) ಎಂದು ಮುಳುಗಿಹೋದ ನಾಲ್ವರು ಹುಡುಗಿಯರು. ಬೇರೆ ಯಾರೂ ಸೇರುವುದಿಲ್ಲ ಎನ್ನುವುದೇ ಇವರ ಮೊದಲ ಅರ್ಹತೆ.

ನೋಡುವ ಮೊದಲು ವಾದ್ಯದ ಪರಿಚಯ ಇದ್ದರೆ ಚಿತ್ರ ಎರಡು ಪಟ್ಟು ರುಚಿಸುತ್ತದೆ. ಯಾಂಗ್‌ಚಿನ್ ನಮ್ಮ ಸಂತೂರಿನ ತಂಗಿ. ಎರಡೂ ಕೋಲಿನಿಂದ ತಟ್ಟುವ ತಂತಿವಾದ್ಯಗಳೇ. ಶಿವಕುಮಾರ ಶರ್ಮರನ್ನು ಕೇಳಿ ಬೆಳೆದ ಮುಂಬಯಿ ಕಿವಿಗೆ ದನಿ ತಕ್ಷಣ ಗುರುತು ಸಿಗುತ್ತದೆ, ವ್ಯತ್ಯಾಸವೂ. ಸಂತೂರು ಮಡಿಲಲ್ಲಿ ಕೂರುತ್ತದೆ, ಸುಮಾರು ನೂರು ತಂತಿ, ತಟ್ಟಲು ಹಗುರ ಮರದ ಕಲಂ. ಯಾಂಗ್‌ಚಿನ್ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ, ದೊಡ್ಡ ಮಾದರಿಯಲ್ಲಿ 140ಕ್ಕೂ ಮೇಲೆ ತಂತಿ. ಕೋಲು ಬಳುಕುವ ಬಿದಿರು, ತುದಿಗೆ ರಬ್ಬರು. ತಾರಸ್ಥಾಯಿಯ ಕುದುರೆ (ತಂತಿಯನ್ನು ಹೊತ್ತು ನಿಲ್ಲುವ ಪಟ್ಟಿ) ತಂತಿಯನ್ನು 2:3ರ ಪ್ರಮಾಣದಲ್ಲಿ ಕಡಿಯುವುದರಿಂದ ಅದರ ಎಡಕ್ಕೆ ತಟ್ಟಿದರೆ ಒಂದು ಸ್ವರ, ಬಲಕ್ಕೆ ತಟ್ಟಿದರೆ ಅದರ ಪಂಚಮದ ಸಂಬಂಧದ ಇನ್ನೊಂದು.

ಮುಖ್ಯ ವಿಷಯ ಇದು: ಸಂತೂರನ್ನು ರಾಗಕ್ಕೆ ತಕ್ಕಂತೆ ಶ್ರುತಿ ಮಾಡಿಕೊಳ್ಳಬೇಕು. ಇಪ್ಪತ್ತನೇ ಶತಮಾನದ ಸುಧಾರಣೆಗಳ ನಂತರದ ಯಾಂಗ್‌ಚಿನ್‌ನಲ್ಲಿ ಹನ್ನೆರಡೂ ಸ್ವರ ಕೈಗೆಟುಕುತ್ತವೆ. ಹೀಗಾಗಿಯೇ ಚಿತ್ರದ ಹುಡುಗಿಗೆ ಎದುರು ವಿಭಾಗದವರು ಏನು ಎಸೆದರೂ ನಿಂತಲ್ಲೇ ಜವಾಬು ಕೊಡಲು ಸಾಧ್ಯ. ಸಂತೂರಿನ ಹುಡುಗಿಯಾಗಿದ್ದರೆ ಮೊದಲು ಅರ್ಧ ಗಂಟೆ ಶ್ರುತಿಕೀಲಿ ತಿರುಗಿಸುತ್ತ ಕೂರಬೇಕಿತ್ತು, ಜಗಳ ತಣ್ಣಗಾಗುತ್ತಿತ್ತು.

ಜಗಳದ ದೃಶ್ಯವೇ ಚಿತ್ರದ ಜೀವಾಳ. ಎರಡು ವಿಭಾಗಗಳು ವಾದ್ಯ ಹಿಡಿದು ಎದುರೆದುರು ನಿಲ್ಲುತ್ತವೆ. ಒಬ್ಬರ ತುಣುಕಿಗೆ ಇನ್ನೊಬ್ಬರ ತುಣುಕು, ನಮ್ಮ ಜುಗಲ್‌ಬಂದಿಯ ಸವಾಲ್-ಜವಾಬ್ ಹಾಗೆ, ಆದರೆ ನಗು ಬಿಟ್ಟು. ಕೊನೆಗೆ ಒಬ್ಬ ಸುವೊನಾ ಎತ್ತಿ ‘ನೂರು ಹಕ್ಕಿಗಳು ಫೀನಿಕ್ಸ್‌ಗೆ ವಂದಿಸಿದವು’ ಎಂಬ ಹಳೆಯ ಜಾನಪದ ಧಾಟಿ ಊದುತ್ತಾನೆ. ಆಟ ಅಲ್ಲಿಗೆ ಮುಗಿಯುತ್ತದೆ. ಸುವೊನಾ ಶಹನಾಯಿಯ ದಾಯಾದಿ: ಶಂಕುವಿನಂಥ ಮರದ ಕೊಳವೆ, ಜೋಡಿ ರೀಡು, ಲೋಹದ ಅಗಲ ಬಾಯಿ. ಹೆಸರು ಪರ್ಷಿಯಾದ ‘ಸುರ್ನಾ’ದಿಂದ ಬಂದದ್ದು. ಚೀನಾದ ಹಳ್ಳಿಗಳಲ್ಲಿ ಮದುವೆಗೂ ಸಾವಿಗೂ ಅದೇ ಊದುವುದು, ನಮ್ಮ ಕೆಲವು ಊರುಗಳ ವಾಲಗದ ಹಾಗೆ. ಆ ಒಂದು ದನಿಗೆ ಚೀನೀ ಪ್ರೇಕ್ಷಕ ಯಾಕೆ ಕುರ್ಚಿಯಿಂದ ಏಳುತ್ತಾನೆಂದು ವಾಲಗ ಕೇಳಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ತಕರಾರು ಮಾತ್ರ ಇದೆ. ಸುವೊನಾ ಗೆದ್ದದ್ದು ಸಂಗೀತದಿಂದಲ್ಲ, ಗಂಟಲಿನಿಂದ. ಬಯಲಲ್ಲಿ, ಮೆರವಣಿಗೆಯ ಮುಂದೆ ಊದಲೆಂದೇ ಹುಟ್ಟಿದ ವಾದ್ಯವನ್ನು ಮುಚ್ಚಿದ ಕಟ್ಟಡಕ್ಕೆ ತಂದರೆ ಪಿಟೀಲಿನವನು ಏನು ಮಾಡಿಯಾನು? ಚಿತ್ರಕ್ಕೂ ಇದು ಗೊತ್ತು, ಅದನ್ನು ತಮಾಷೆಯಾಗಿಯೇ ಇಟ್ಟಿದೆ. ಹಾಗಾಗಿ ‘ಪೂರ್ವ ಗೆದ್ದಿತು’ ಎಂದು ಚಪ್ಪಾಳೆ ಹೊಡೆಯುವವರು ಸ್ವಲ್ಪ ತಡೆಯಲಿ. ಚಿತ್ರ ನಿಜವಾಗಿ ಹೇಳುವುದು ಬೇರೆ: ಹಳೆಯ ವಾದ್ಯಕ್ಕೆ ಗೌರವದ ಗಾಜಿನ ಪೆಟ್ಟಿಗೆ ಬೇಕಿಲ್ಲ, ಓರಗೆಯ ಕೇಳುಗರು ಬೇಕು. ಕಾಸ್‌ಪ್ಲೇ ವೇಷದಲ್ಲಿ ಗುಝೆಂಗ್ ಎಂಬ ಚೀನೀ ವಾದ್ಯದ 21 ತಂತಿಗಳನ್ನು ಮೀಟುವ ಹುಡುಗಿ ಇದನ್ನು ಭಾಷಣವಿಲ್ಲದೆ ಹೇಳುತ್ತಾಳೆ.

ಉಳಿದ ದೋಷಗಳನ್ನು ಬೇಗ ಹೇಳಿಬಿಡಬಹುದು. ಪಿಯಾನೊ ಹುಡುಗ ಹಲಗೆಯಲ್ಲಿ ಕೊರೆದ ಬೊಂಬೆ, ಅವನಿಗಾಗಿ ಇಷ್ಟು ಹೊತ್ತು ಕಣ್ಣೀರು ಹಾಕಬೇಕಿರಲಿಲ್ಲ. ಶಾಲೆಯ ಹಿರಿಯರು ಕಥೆಗೆ ಅಡ್ಡಿ ಬೇಕಾದಾಗ ಮಾತ್ರ ಬರುತ್ತಾರೆ. ಶ್ರುತಿ ಮಾಡುವುದು, ಬೆರಳಿಗೆ ನಖಿ ಕಟ್ಟಿಕೊಳ್ಳುವುದು, ತಂತಿ ಹರಿಯುವುದು ಇಂಥ ದಿನನಿತ್ಯದ ಪಾಡಿಗೆ ಇನ್ನಷ್ಟು ಜಾಗ ಕೊಡಬಹುದಿತ್ತು. ನಟರ ಕೈ ನಿಜವೋ ಸುಳ್ಳೋ ಎಂಬ ಅನುಮಾನ ಬಂದರೆ, ಮುಖವೂ ಎರಡೂ ಕೈಗಳೂ ಒಂದೇ ಫ್ರೇಮಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತವೆ ನೋಡಿ. ತಬಲಾ ಕಲಿಯುವ ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂಥ ಸಭಾಂಗಣದಲ್ಲಿ ಸಂಘದ ಮಕ್ಕಳಿಗೆ ತೋರಿಸುವ ಯೋಚನೆ ಇದ್ದರೆ, ಮೊದಲು ಹಕ್ಕುದಾರರಿಂದ ಸಾರ್ವಜನಿಕ ಪ್ರದರ್ಶನದ ಅನುಮತಿ ಪಡೆಯಿರಿ. ಆಮೇಲಿನ ತಲೆನೋವು ಸಬ್‌ಟೈಟಲ್. ಬೇರೆ ಫೈಲಿನಿಂದ ಹಾಕುವುದಾದರೆ ವಿಡಿಯೊ ಸೆಕೆಂಡಿಗೆ 23.976 ಫ್ರೇಮಿನದು, ಸಬ್‌ಟೈಟಲ್ 25ಕ್ಕೆ ಮಾಡಿದ್ದು ಎಂದಾಗಬಹುದು. ಆಗ ನಿಮಿಷಕ್ಕೆ ಎರಡೂವರೆ ಸೆಕೆಂಡು ಸರಿಯುತ್ತದೆ, ಹತ್ತನೇ ನಿಮಿಷಕ್ಕೆ ಅಕ್ಷರವೇ ಒಂದು ಕಡೆ, ಮಾತೇ ಒಂದು ಕಡೆ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನ ಜಿ, ಎಚ್ ಕೀಲಿಗಳು ಒತ್ತಿದಷ್ಟು ಸಲ 50 ಮಿಲಿಸೆಕೆಂಡು ಹಿಂದೆ ಮುಂದೆ ಮಾಡುತ್ತವೆ ಅಷ್ಟೆ, ಸರಿಯುತ್ತಲೇ ಇರುವುದನ್ನು ನಿಲ್ಲಿಸುವುದಿಲ್ಲ. ಸಬ್‌ಟೈಟಲ್ ತಿದ್ದುವ ತಂತ್ರಾಂಶದಲ್ಲಿ ಫ್ರೇಮ್ ದರವನ್ನೇ ಬದಲಿಸಿ ಸೇವ್ ಮಾಡಿ, ಮೊದಲ ಮಾತನ್ನೂ ಕೊನೆಯ ಮಾತನ್ನೂ ಹೊಂದಿಸಿ ನೋಡಿ. ಇಂಗ್ಲಿಷ್ ಅಕ್ಷರದ ಓಟಕ್ಕೆ ಕಣ್ಣು ಹೊಂದದ ಅಜ್ಜ-ಅಜ್ಜಿಯರಿಗೆ ಪಾತ್ರ, ವಾದ್ಯದ ಹೆಸರಿರುವ ಒಂದು ಪುಟದ ಕನ್ನಡ ಚೀಟಿ ಸಾಕು.

ದನಿಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಮೊದಲ ಸಂಭಾಷಣೆ ಕೇಳಿಸುವಷ್ಟು ವಾಲ್ಯೂಮ್ ಏರಿಸಿ ಅಲ್ಲೇ ಬಿಡುವುದು. ಸುವೊನಾ ಬಂದಾಗ ಮಿಕ್ಸರಿನ ಕೆಂಪು ದೀಪ ಉರಿದು, ಆಂಪ್ಲಿಫಯರ್ ಕ್ಲಿಪ್ ಆಗಿ (ಮಿತಿ ಮೀರಿ ದನಿ ಒಡೆದು), ಸ್ಪೀಕರಿನ ಟ್ವೀಟರ್ (ತಾರಸ್ಥಾಯಿಯ ದನಿ ಕೊಡುವ ಭಾಗ) ಹೋಗುವ ಸಂಭವ ಉಂಟು. ಉಲ್ಟಾ ಮಾಡಿ: ಜಗಳದ ದೃಶ್ಯ ಮೊದಲು ಹಾಕಿ ಮಟ್ಟ ಗೊತ್ತು ಮಾಡಿ, 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬೆಲ್ ಇಳಿಸಿ, ಅಲ್ಲಿ ಕಿವಿ ಬಹಳ ಸೂಕ್ಷ್ಮ. ಆಮೇಲೂ ಮಾತು ಕೇಳದಿದ್ದರೆ 5.1 (ಆರು ಚಾನೆಲ್‌ನ) ಟ್ರ್ಯಾಕನ್ನು ಎರಡು ಸ್ಪೀಕರಿಗೆ ಇಳಿಸುವಾಗ ಮಾತು ಹೆಚ್ಚಾಗಿ ಇರುವ ಮಧ್ಯದ ಚಾನೆಲ್ ಕಳೆದುಹೋಗಿರಬಹುದು. ಸ್ಟೀರಿಯೊ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ. ಮತ್ತೆ ಹಿಂದಿನ ಸಾಲಿನಲ್ಲಿ ಕೂತು ಒಮ್ಮೆ ಕೇಳಿ, ಖಾಲಿ ಸಭಾಂಗಣಕ್ಕಿಂತ ಜನ ತುಂಬಿದ ಸಭಾಂಗಣದಲ್ಲಿ ದನಿ ಮೆತ್ತಗಾಗುತ್ತದೆ ಎಂಬುದು ನೆನಪಿರಲಿ.