ಬಾಡಿಗೆ ಮನೆಗೆ ಈಜುಕೊಳವೋ, ದೊಡ್ಡ ಸಂಪು ಮತ್ತು ಸೋಲಾರೋ?

ದಾವಣಗೆರೆಯ ಬಾಡಿಗೆ ಮನೆಗೆ ಈಜುಕೊಳ ಕಟ್ಟಿಸಲಾ, ಇಲ್ಲ ಆ ದುಡ್ಡಲ್ಲಿ ದೊಡ್ಡ ಸಂಪು, ಸೋಲಾರ್ ಹೀಟರ್ ಹಾಕಿಸಲಾ ಅಂತ ಕೇಳಿದ್ದೀರಿ. ಮೊದಲು ನೀರಿನ ಲೆಕ್ಕ ನೋಡಿ. 8 ಮೀಟರ್ ಉದ್ದ, 4 ಮೀಟರ್ ಅಗಲ, 1.2 ಮೀಟರ್ ಆಳದ ಕೊಳಕ್ಕೆ 38 ಸಾವಿರ ಲೀಟರ್‌ಗಿಂತ ಜಾಸ್ತಿ ನೀರು ಬೇಕು, ಅಂದರೆ 5 ಸಾವಿರ ಲೀಟರಿನ ಟ್ಯಾಂಕರ್ ಎಂಟು ಸಲ ಬರಬೇಕು, ಅದೂ ಬೇಸಿಗೆಯಲ್ಲಿ, ಬೋರ್ ಬತ್ತಿ ಅಕ್ಕಪಕ್ಕದವರೂ ಟ್ಯಾಂಕರ್‌ಗೆ ಕಾಯುತ್ತಿರುವಾಗ. ನಮ್ಮ ಬಿಸಿಲಿಗೆ ದಿನಾ ಒಂದಷ್ಟು ಆವಿಯಾಗಿಯೂ ಹೋಗುತ್ತದೆ. ಸಂಪು ಮುಚ್ಚಿರುತ್ತದೆ, ಚಾವಣಿಯ ಮಳೆನೀರನ್ನೂ ಸೋಸಿ ಅದಕ್ಕೇ ಬಿಡಬಹುದು.

ಕೊಳದ ಖರ್ಚು ಕಟ್ಟಿದ ದಿನಕ್ಕೆ ಮುಗಿಯುವುದಿಲ್ಲ. 1 ಎಚ್‌ಪಿ ಫಿಲ್ಟರ್ ಮೋಟರ್ ದಿನಕ್ಕೆ 6 ಗಂಟೆ ಓಡಿದರೆ 4-5 ಯೂನಿಟ್ ಕರೆಂಟ್. ಕ್ಲೋರಿನ್ ಹಾಕಬೇಕು, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7.2ರಿಂದ 7.8ರೊಳಗೆ ಇರಬೇಕು. ಬಾಡಿಗೆಯವರು ಊರಿಗೆ ಹೋದರೆ ಇದನ್ನೆಲ್ಲ ಯಾರು ನೋಡುತ್ತಾರೆ? ಬಿಟ್ಟರೆ ಪಾಚಿ, ಸೊಳ್ಳೆ. ಸೋಲಾರ್‌ಗೆ ಇಷ್ಟು ಗೋಳಿಲ್ಲ, ಬೋರಿನ ಗಡಸು ನೀರಾದರೆ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ ಅಷ್ಟೇ.

ಚಿಕ್ಕ ಮಕ್ಕಳಿರುವ ಮನೆಯವರಿಗೆ ಬೇಲಿ, ಬೀಗದ ಗೇಟ್ ಇಲ್ಲದ ಕೊಳವನ್ನು ದಯವಿಟ್ಟು ಕೊಡಬೇಡಿ.

ಊರೊಳಗೆ ಸಂಸಾರಸ್ಥರಿಗೋ ಮೆಡಿಕಲ್ ಕಾಲೇಜಿನ ಹುಡುಗರಿಗೋ ತಿಂಗಳ ಬಾಡಿಗೆಗೆ ಕೊಡುವುದಾದರೆ ಸಂಪೇ ಸರಿ. ಅವರು ಮೊದಲು ಕೇಳುವುದೇ ನೀರು ಬರುತ್ತಾ ಅಂತ, ಅಲ್ವಾ? ಚಿತ್ರದುರ್ಗದ ಕಡೆ ಹೆದ್ದಾರಿ ಹತ್ತಿರ ತೋಟದ ಮನೆ ಇದ್ದು, ಕೋಟೆ ನೋಡಲು ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುವುದಾದರೆ ಮಾತು ಬೇರೆ. ಅಲ್ಲಿ ಕೊಳ ನೋಡಿಯೇ ಬುಕ್ ಮಾಡುವವರು ಇರುತ್ತಾರೆ, ಆದರೆ ಬೋರಿನಲ್ಲಿ ಬೇಸಿಗೆಯಲ್ಲೂ ನೀರಿರಬೇಕು, ಅಲ್ಲೇ ಇದ್ದು ನೋಡಿಕೊಳ್ಳುವ ಆಳು ಬೇಕು.