ಬಾಟಲಿ, ಫ್ಲೋಟ್, ಎರಡು ಬಟನ್, ಬಕೆಟ್: ಫ್ಲಶ್ ನೀರು ಉಳಿಸಲು ಯಾವುದು ವಾಸಿ?

ಹಳೆಯ ಫ್ಲಶ್ ಟ್ಯಾಂಕುಗಳಲ್ಲಿ ಒಂದು ಸಲಕ್ಕೆ 10-13 ಲೀಟರ್ ನೀರು ಹೋಗುವುದುಂಟು. ಹೊಸ ಕಮೋಡುಗಳಿಗೆ 6 ಲೀಟರ್ ಸಾಕು. ಕಮೋಡ್ ಕೀಳಿಸದೆ ಏನು ಮಾಡಬಹುದು ಅಂತ ಮನೆಯ ಹಳೆಯ ಟ್ಯಾಂಕಿನ ಮೇಲೆ ಒಂದೊಂದೇ ಉಪಾಯ ಮಾಡಿ ನೋಡಿದೆ. ನಾನು ನೋಡಿದ್ದು ಇಷ್ಟೇ: ಒಂದೇ ಸಲಕ್ಕೆ ಶುಚಿಯಾಗಬೇಕು. ಮತ್ತೊಮ್ಮೆ ಒತ್ತಬೇಕಾಗಿ ಬಂದರೆ ಉಳಿಸಿದ್ದೆಲ್ಲ ಹೋಯಿತು, ಅಲ್ವಾ?

ಟ್ಯಾಂಕಿನೊಳಗೆ ಬಾಟಲಿ ಇಡುವುದು ಮತ್ತು ಫ್ಲೋಟ್ (ನೀರು ತುಂಬಿದಾಗ ನಲ್ಲಿ ಮುಚ್ಚಿಸುವ, ನೀರಲ್ಲಿ ತೇಲುವ ಭಾಗ) ತಗ್ಗಿಸುವುದು ಮೇಲ್ನೋಟಕ್ಕೆ ಒಂದೇ ಅನ್ನಿಸುತ್ತವೆ. ಎರಡರಲ್ಲೂ ಟ್ಯಾಂಕಿಗೆ ಬರುವ ನೀರು ಕಡಿಮೆಯಾಗುತ್ತದೆ. ಆದರೆ ಫ್ಲೋಟ್ ತಗ್ಗಿಸಿದರೆ ನೀರಿನ ಮಟ್ಟವೇ ಕೆಳಗಿಳಿಯುತ್ತದೆ, ಅದರ ಜೊತೆ ರಭಸವೂ. ನಮ್ಮಲ್ಲಿ ಸ್ವಲ್ಪ ಇಳಿಸಿದ್ದಕ್ಕೇ ಎರಡೆರಡು ಸಲ ಒತ್ತುವ ಹಾಗಾಯಿತು. ಬಾಟಲಿ ಇಟ್ಟರೆ ಹಾಗಲ್ಲ. ಅದು ಜಾಗ ಹಿಡಿಯುತ್ತದೆ, ನೀರು ಮಾತ್ರ ಮೊದಲಿನ ಎತ್ತರಕ್ಕೇ ನಿಲ್ಲುತ್ತದೆ. ಒಂದು ಲೀಟರ್ ಬಾಟಲಿಗೆ ತಳದಲ್ಲಿ ಒಂದಿಷ್ಟು ಕಲ್ಲು ಹಾಕಿ, ನೀರು ತುಂಬಿ, ಮುಚ್ಚಳ ಬಿಗಿದು, ಫ್ಲೋಟಿಗೆ ತಗಲದ ಮೂಲೆಯಲ್ಲಿ ಇಟ್ಟೆ. ಪ್ರತಿ ಸಲ ಸುಮಾರು ಒಂದು ಲೀಟರ್ ಉಳಿತಾಯ, ಖರ್ಚು ಸೊನ್ನೆ. ಇಟ್ಟಿಗೆ ಮಾತ್ರ ಬೇಡ. ಅದು ನೀರಲ್ಲಿ ನೆನೆದು ಪುಡಿಯಾಗಿ ವಾಲ್ವಿನ ರಬ್ಬರಿಗೆ ಸೇರಿಕೊಳ್ಳುತ್ತದೆ.

ಎರಡು ಬಟನ್‌ನ ವಾಲ್ವ್ ಹಾಕಿಸಿದ ಮೇಲೆ ನಿಜವಾದ ವ್ಯತ್ಯಾಸ ಕಂಡಿತು. ಚಿಕ್ಕ ಬಟನ್ ಒತ್ತಿದರೆ ಸ್ವಲ್ಪ ನೀರು, ದೊಡ್ಡದು ಒತ್ತಿದರೆ ಪೂರ್ತಿ ನೀರು. ಆಸ್ಟ್ರೇಲಿಯಾದ ಕರೋಮಾ ಕಂಪನಿಯ ಬ್ರೂಸ್ ಥಾಂಪ್ಸನ್ 1980ರಲ್ಲಿ ರೂಪಿಸಿದ ಉಪಾಯ ಇದು. ದಿನದಲ್ಲಿ ಜಾಸ್ತಿ ಸಲ ಹೋಗುವುದು ಮೂತ್ರಕ್ಕೇ ತಾನೇ? ಅದಕ್ಕೆ ಇಡೀ ಟ್ಯಾಂಕ್ ಯಾಕೆ ಖಾಲಿಯಾಗಬೇಕು? ಒಂದು ತೊಡಕಿದೆ. ಹಳೆಯ ಟ್ಯಾಂಕಿಗೆ ಹೊಸ ವಾಲ್ವ್ ಕೂರಿಸಿದರೆ ದೊಡ್ಡ ಬಟನ್ ಮೊದಲಿನಷ್ಟೇ ನೀರು ಬಿಡುತ್ತದೆ. ಅದಕ್ಕೇ ಬಾಟಲಿಯನ್ನೂ ಒಳಗೇ ಬಿಟ್ಟಿದ್ದೇನೆ. ಮನೆಗೆ ಬಂದವರು ಎರಡೂ ಬಟನ್ ಒಟ್ಟಿಗೆ ಒತ್ತುತ್ತಾರೆ, ಅದಕ್ಕೆ ಮದ್ದಿಲ್ಲ.

ಲೆಕ್ಕದಲ್ಲಿ ಎಲ್ಲವನ್ನೂ ಸೋಲಿಸುವುದು ಬಕೆಟ್. ಬಟ್ಟೆ ಜಾಲಿಸಿದ ನೀರನ್ನು ನೇರ ಕಮೋಡಿಗೆ ಸುರಿದರೆ ಹೊಸ ನೀರು ಒಂದು ಹನಿಯೂ ಬೇಡ. ನಿಧಾನಕ್ಕೆ ಸುರಿದರೆ ನೀರು ಸುಮ್ನೆ ಹರಿದು ಹೋಗುತ್ತದೆ, ಏನೂ ಕೊಚ್ಚಿಕೊಂಡು ಹೋಗುವುದಿಲ್ಲ. ಅರ್ಧ ಬಕೆಟ್ಟನ್ನು ಒಂದೇ ಬೀಸಿಗೆ ಸುರಿಯಬೇಕು. ಆ ನೀರನ್ನು ಟ್ಯಾಂಕಿಗೆ ಹಾಕಬೇಡಿ, ಸೋಪು ಮತ್ತು ನೂಲಿನ ಎಳೆಗಳು ಒಳಗಿನ ಭಾಗಗಳನ್ನು ಕೆಡಿಸುತ್ತವೆ. ಒಂದು ದಿನಕ್ಕಿಂತ ಜಾಸ್ತಿ ಇಟ್ಟರೆ ವಾಸನೆ ಗ್ಯಾರಂಟಿ. ವಯಸ್ಸಾದವರಿಗೂ ಮಕ್ಕಳಿಗೂ ಈ ಕೆಲಸ ಆಗದು. ಹಾಗಾಗಿ ನನ್ನ ಮಟ್ಟಿಗೆ ಇದು ನೀರಿಗೆ ತತ್ವಾರ ಬಂದ ದಿನಗಳ ಉಪಾಯ.

ಬಾಡಿಗೆ ಮನೆಯಾದರೆ ಬಾಟಲಿ, ಸ್ವಂತದ್ದಾದರೆ ಬಾಟಲಿಯ ಜೊತೆ ಎರಡು ಬಟನ್, ಇದು ನನ್ನ ಆಯ್ಕೆ. ಯಾವುದಕ್ಕೂ ಮುಂಚೆ ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದ ಹಾಗೆ ನೋಡಿಕೊಳ್ಳಿ. ಕಮೋಡಿನಲ್ಲಿ ಬಣ್ಣ ಕಂಡರೆ ವಾಲ್ವ್ ಸೋರುತ್ತಿದೆ ಎಂದರ್ಥ. ಮೊದಲು ಆ ರಬ್ಬರ್ ಬದಲಿಸಿ.